ಮನೆಯಲ್ಲಿ ಕಟ್ಟಿದ ಧ್ವನಿವರ್ಧಕ

ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪ್ರಸಾರಯಂತ್ರವೊಂದನ್ನು ಹೂಡಿ ಬಾನುಲಿಯನ್ನಾರಂಭಿಸಿದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ಭಾರತದ ಬಾನುಲಿಗೆ ಸಂದುದನ್ನು ನಾವೆಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ಕಾಲದ ಧ್ವನಿಯನ್ನೆಲ್ಲ ಹೊತ್ತ ಗಾಜಿನ ವಾಲ್ವನ್ನು ನೆನೆಯುವವರು ವಿರಳ.

ವಾಲ್ವೆಂದರೇನು? ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಆನೋಡಿಗೆ ಹರಿಯುತ್ತವೆ. 1904ರಲ್ಲಿ ಫ್ಲೆಮಿಂಗನು ಇಷ್ಟನ್ನು ಸಾಧಿಸಿದನು. 1906ರಲ್ಲಿ ಅಮೆರಿಕದ ಡಿ ಫಾರೆಸ್ಟನು ಇವೆರಡರ ನಡುವೆ ಗ್ರಿಡ್ಡೆಂಬ ಜಾಲರಿಯನ್ನಿಟ್ಟನು. ನಮ್ಮ ಹರೂರಿನ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೆರೆಯ ತೂಬನ್ನು ಗೇಣಷ್ಟು ಎತ್ತಿದರೆ ಗದ್ದೆ ತುಂಬ ನೀರು ಹರಿಯುವುದಿಲ್ಲವೇ? ಗ್ರಿಡ್ಡೇ ಆ ತೂಬು. ಅದರ ಮೇಲೆ ಬೀಳುವ ಅಲ್ಪ ಸಂಜ್ಞೆಯು ಆನೋಡಿನ ದೊಡ್ಡ ಪ್ರವಾಹವನ್ನು ಏರಿಳಿಸುತ್ತದೆ.

ಸಂಜ್ಞೆಯಿಲ್ಲದಾಗ ತೂಬು ಎಷ್ಟು ತೆರೆದಿರಬೇಕು? ‘ಬಯಾಸ್’ ಎಂಬುದು ಈ ಪ್ರಶ್ನೆಯ ಉತ್ತರವೇ. ಹೆಚ್ಚು ತೆರೆದರೆ ಆನೋಡು ಕೆಂಪೇರಿ ವಾಲ್ವು ಸಾಯುತ್ತದೆ. ಹೆಚ್ಚು ಮುಚ್ಚಿದರೆ ಅಲೆಯ ಒಂದು ಮಗ್ಗುಲು ಕತ್ತರಿಸಿಹೋಗಿ ನಾದ ಒಡೆಯುತ್ತದೆ.

ವಿದ್ಯುತ್ ಗಿಟಾರು 1930ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಅದರ ತಂತಿಯ ಸಂಜ್ಞೆ ತೀರ ಕ್ಷೀಣವಾದುದರಿಂದ ಬಾನುಲಿಯ ವಾಲ್ವುಗಳನ್ನೇ ಅದಕ್ಕೂ ಹೂಡಿದರು. ಇಂಗ್ಲೆಂಡಿನಲ್ಲಿ 1958ರ ‘ವೋಕ್ಸ್ ಎಸಿ15’ ಎಂಬ ಧ್ವನಿವರ್ಧಕವು ಎರಡು ಇಎಲ್84 ವಾಲ್ವುಗಳಿಂದ ಹಾಡಿತು. ಬಾನುಲಿಯ ಎಂಜಿನಿಯರುಗಳು ದೋಷವೆಂದು ಅಟ್ಟಿದ ಒಡಕುದನಿಯನ್ನೇ ಗಿಟಾರು ವಾದಕರು ವರವೆಂದು ಬರಮಾಡಿಕೊಂಡರು. ಇದು ನಮಗೆ ವಿನೋದವಾಗಿಯೇ ತೋರುತ್ತದೆ.

ಇನ್ನು ನಮ್ಮ ನಾಡಿನ ಮಾತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಸ್ಥಾಪಿತವಾಗಿ, 1961ರಲ್ಲಿ ಬಾನುಲಿಯ ವಾಲ್ವುಗಳನ್ನು ತಯಾರಿಸತೊಡಗಿತು. ಮರುವರ್ಷವೇ ಅದೇ ಕಾರ್ಖಾನೆಯಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಯುಗವೂ ಮೊದಲಾಯಿತು! ತೊಟ್ಟಿಲಿಟ್ಟ ಮನೆಗೇ ದಾಯಾದಿ ಬಂದಂತಾಯಿತು. ಟ್ರಾನ್ಸಿಸ್ಟರು 1947ರಲ್ಲೇ ಹುಟ್ಟಿದ್ದರಿಂದ ಇದು ಅನಿರೀಕ್ಷಿತವೇನಲ್ಲ. ಆದರೂ ತಡವಾಗಿ ಬಂದುದೆಂದು ಆ ವಾಲ್ವುಗಳನ್ನು ಕಡೆಗಣಿಸುವುದು ಅನ್ಯಾಯ. ಅಲ್ಲಿ ತಯಾರಾದ ಇಎಲ್84, ಇಸಿಸಿ83 ವಾಲ್ವುಗಳ ಹಳೆಯ ದಾಸ್ತಾನನ್ನು ಇಂದಿಗೂ ಗಿಟಾರು ಧ್ವನಿವರ್ಧಕ ಕಟ್ಟುವವರು ಹುಡುಕುತ್ತಾರೆ.

ಇವೆರಡೇ ವಾಲ್ವುಗಳಿಂದ ಚಿಕ್ಕ ಧ್ವನಿವರ್ಧಕವೊಂದು ಆಗುತ್ತದೆ. ಗಿಟಾರಿನ ಸಂಜ್ಞೆಯನ್ನು ಇಸಿಸಿ83 ಮೊದಲು ಹಿಗ್ಗಿಸುತ್ತದೆ. ಇಎಲ್84 ಅದಕ್ಕೆ ಬಲಕೊಟ್ಟು ಟ್ರಾನ್ಸ್‌ಫಾರ್ಮರಿನ ಮೂಲಕ ಸ್ಪೀಕರಿಗೆ ಒಪ್ಪಿಸುತ್ತದೆ. ಇಎಲ್84ರ ಆನೋಡಿಗೆ 250 ವೋಲ್ಟ್ ಕೊಟ್ಟರೆ 48 ಮಿಲಿಆಂಪಿಯರ್ ಹರಿಯಬೇಕು. ಗುಣಿಸಿದರೆ ಅದು ತಾಳಬಲ್ಲ ಗರಿಷ್ಠ ಶಾಖವಾದ 12 ವಾಟ್. ಪರದೆಯ ಗ್ರಿಡ್ಡಿನ 5.5 ಮಿಲಿಆಂಪಿಯರನ್ನೂ ಕೂಡಿಸಿ, ಈ ಪ್ರವಾಹವನ್ನು ಕ್ಯಾಥೋಡಿನ ಕೆಳಗಿನ 135 ಓಮಿನ ರೋಧಕದಲ್ಲಿ ಹರಿಸಿದರೆ, ಕ್ಯಾಥೋಡು ನೆಲಕ್ಕಿಂತ ಸುಮಾರು 7.2 ವೋಲ್ಟ್ ಮೇಲೇರುತ್ತದೆ. ನೆಲದ ಮಟ್ಟದಲ್ಲಿರುವ ಗ್ರಿಡ್ಡು ಕ್ಯಾಥೋಡಿಗಿಂತ ಅಷ್ಟೇ ಋಣವಾಗುತ್ತದೆ. ಪ್ರವಾಹ ಹೆಚ್ಚಿದರೆ ಋಣವೂ ಹೆಚ್ಚಿ ಪ್ರವಾಹವನ್ನು ತಡೆಯುತ್ತದೆ. ವಾಲ್ವು ತನ್ನ ತೂಬನ್ನು ತಾನೇ ಕಾಯುತ್ತದೆ. ಓಮನ ನಿಯಮವನ್ನು ಕಲಿತ ಪ್ರೌಢಶಾಲೆಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಲೆಕ್ಕವನ್ನು ನಾವು ಕಾಣೆವು.

ಆದರೆ ಆ ಹುಡುಗನ ಪಕ್ಕದಲ್ಲಿ ತಿಳಿದವರೊಬ್ಬರು ಇರಲೇಬೇಕು. 250 ವೋಲ್ಟ್ ಪ್ರಾಣಾಪಹಾರಿ. ಬೆಸುಗೆಯ ಕೆಲಸಕ್ಕೆಂದು ವಿದ್ಯುತ್ತನ್ನು ಕಡಿದ ಮೇಲೂ ಕೆಪ್ಯಾಸಿಟರುಗಳು ಅದನ್ನು ಬಹಳ ಹೊತ್ತು ಹಿಡಿದಿಡುತ್ತವೆ. ರೋಧಕವೊಂದರ ಮೂಲಕ ಅವನ್ನು ಬರಿದುಮಾಡಿ, ಮೀಟರಿನಿಂದ ಅಳೆದು ನೋಡದೆ ಕೈಯಿಡಬಾರದು. ಅಂಗಡಿಯಲ್ಲಿ 135 ಓಮಿನದು ದೊರೆಯದಿದ್ದರೆ 150 ಓಮಿನ ರೋಧಕವನ್ನು ಹಾಕಬಹುದು. ಪ್ರವಾಹ ತುಸು ತಗ್ಗಿ, ಆನೋಡಿನ ಮೇಲಿನ ಹೊರೆ ಇಳಿದು, ವಾಲ್ವು ಇನ್ನಷ್ಟು ಕಾಲ ಬಾಳುತ್ತದೆ.