ಆವರಣ, ಪ್ರರೂಪಣೆ, ಪ್ರಕಾಶನ : ಸಿದ್ಧಾಂತಗ್ರಂಥಗಳ ಹಿನ್ನೆಲೆಯಲ್ಲಿ ಒಂದು ಶಬ್ದವಿಚಾರ

ಮೂಡಬಿದಿರೆಯ ಗುರುಬಸದಿಗೆ ಸಿದ್ಧಾಂತಬಸದಿಯೆಂಬ ಹೆಸರೂ ಉಂಟು. ಧವಲ, ಜಯಧವಲ, ಮಹಾಧವಲಗಳೆಂದು ಪ್ರಸಿದ್ಧವಾದ ತಾಡವಾಲೆಯ ಪ್ರತಿಗಳು ಶತಮಾನಗಳ ಕಾಲ ಅಲ್ಲಿ ಸುರಕ್ಷಿತವಾಗಿದ್ದುದೇ ಈ ಹೆಸರಿಗೆ ಕಾರಣ. ಯಾತ್ರಿಕರು ಅಲ್ಲಿಗೆ ಬಂದು 'ಸಿದ್ಧಾಂತದರ್ಶನ' ಮಾಡುತ್ತಿದ್ದರು. ಗ್ರಂಥವನ್ನು ಕಂಡು ಕೈಮುಗಿಯುವುದಕ್ಕೆ ದರ್ಶನವೆಂದು ಹೆಸರು. ಗ್ರಂಥವನ್ನು ಓದಿ ಅರ್ಥವನ್ನು ತಿಳಿಯುವುದಕ್ಕೆ ಬೇರೆ ಹೆಸರು ಬೇಕು. ತೋರಿಸುವುದು ಒಂದು, ತಿಳಿಸುವುದು ಮತ್ತೊಂದು. ಈ ಎರಡರ ನಡುವಣ ಅಂತರವೇ ಆ ಗ್ರಂಥಗಳ ಕಳೆದ ನೂರೈವತ್ತು ವರ್ಷಗಳ ಚರಿತ್ರೆಯೆಂದರೆ ಅತಿಶಯೋಕ್ತಿಯಾಗಲಾರದು. ಆ ಚರಿತ್ರೆಯನ್ನು ನಮ್ಮ ಶಾಸ್ತ್ರಕಾರರ ಶಬ್ದಗಳನ್ನೇ ಹಿಡಿದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇಂದಿನ ಕನ್ನಡದಲ್ಲಿ 'ಅನಾವರಣ'ವೆಂದೊಡನೆ ಪ್ರತಿಮೆಯೊಂದರ ಮೇಲಿನ ವಸ್ತ್ರವನ್ನು ಸರಿಸುವ ಸಮಾರಂಭ ನೆನಪಿಗೆ ಬರುತ್ತದೆ. ಜೈನಾಗಮವನ್ನು ಓದಿದವರಿಗಾದರೋ ಈ ಶಬ್ದದ ಹಿಂದೆ ಜ್ಞಾನಾವರಣೀಯ ಕರ್ಮವೇ ನಿಂತಿರುತ್ತದೆ. ಜ್ಞಾನವು ಆತ್ಮನಿಗೆ ಹೊರಗಿನಿಂದ ಬರತಕ್ಕ ವಸ್ತುವಲ್ಲ. ಅದು ಆತ್ಮನ ಸ್ವಭಾವ. ಕವಿದಿರುವ ಆವರಣವು ಕ್ಷಯವಾದರೆ ಅದು ತಾನಾಗಿಯೇ ಪ್ರಕಟವಾಗುತ್ತದೆ. ಆದುದರಿಂದ ಕೇವಲಜ್ಞಾನವು 'ಉಂಟಾಯಿತು' ಎನ್ನುವುದಕ್ಕಿಂತ 'ನಿರಾವರಣವಾಯಿತು' ಎನ್ನುವುದು ತತ್ತ್ವಕ್ಕೆ ಹತ್ತಿರ.

ಅಚ್ಚಗನ್ನಡದ ಶಬ್ದವೂ ಇದಕ್ಕೆ ದೂರವಾದುದಲ್ಲ. ಹಳಗನ್ನಡದಲ್ಲಿ 'ಅಱಿಪು', 'ತಿಳಿಪು' ಎಂಬ ಎರಡು ಪ್ರೇರಣಾರ್ಥಕ ರೂಪಗಳುಂಟು. ಇವುಗಳಲ್ಲಿ 'ತಿಳಿ' ಎಂಬ ಧಾತು ವಿಶೇಷವಾಗಿ ಗಮನಾರ್ಹ. ಕದಡಿದ ನೀರಿನ ಕೆಸರು ತಳದಲ್ಲಿ ನಿಂತು ಮೇಲೆ ನಿರ್ಮಲವಾಗುವುದೂ 'ತಿಳಿ'ಯುವುದೇ. ತಿಳಿನೀರು, ತಿಳಿಗೊಳ ಎಂಬ ಮಾತುಗಳಲ್ಲಿ ಈ ಅರ್ಥ ಇಂದಿಗೂ ಉಳಿದಿದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಔಪಶಮಿಕಭಾವಕ್ಕೆ ಕೊಟ್ಟ ದೃಷ್ಟಾಂತವನ್ನು ವಿದ್ವಾಂಸರು ಬಲ್ಲರು. ಕತಕಬೀಜದ ಸಂಪರ್ಕದಿಂದ ನೀರಿನ ಕೆಸರು ತಳಕ್ಕಿಳಿಯುವುದು ಉಪಶಮ. ಆ ನಿರ್ಮಲಜಲವನ್ನು ಬೇರೆಯ ಪಾತ್ರೆಗೆ ತೆಗೆದರೆ ಕೆಸರಿನ ಅತ್ಯಂತಾಭಾವ, ಅದು ಕ್ಷಯ. ಸಂಸ್ಕೃತದಲ್ಲಿ ಇದು ದೃಷ್ಟಾಂತ. ಕನ್ನಡದಲ್ಲಿ ಧಾತುವಿನ ಅರ್ಥವೇ ಹಾಗಿದೆ.

ಪ್ರಾಕೃತದ ಕಡೆಗೆ ಬಂದರೆ ಸಂಗತಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಸಂಸ್ಕೃತದಲ್ಲಿ ಬಳಕೆಯಾಗುವ 'ಪ್ರಕಟ' ಶಬ್ದವು ಮೂಲತಃ 'ಪ್ರಕೃತ'ದ ಪ್ರಾಕೃತೋಚ್ಚಾರಣೆಯಿಂದ ಬಂದುದೆಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ. ಅದೇ ಪ್ರಾಕೃತದಲ್ಲಿ 'ಪಯಡ' ಎಂದಾಗುತ್ತದೆ. 'ಪ್ರಕೃತಿ'ಯಾದರೋ 'ಪಯಡಿ'. ಒಂದು ಪ್ರಕಟವಾದುದನ್ನು ಹೇಳಿದರೆ ಮತ್ತೊಂದು ಕರ್ಮದ ಸ್ವಭಾವವನ್ನು ಹೇಳುತ್ತದೆ. ಓಲೆಯಲ್ಲಿ ಇವೆರಡರ ನಡುವೆ ಇರುವುದು ಒಂದು ಇಕಾರದ ಗುಣಿತ ಮಾತ್ರ. ಜೀವಸ್ಥಾನದ ಚೂಲಿಕೆಗಳಲ್ಲಿ ಮೊದಲನೆಯದು ಪ್ರಕೃತಿಸಮುತ್ಕೀರ್ತನ. ಸಮುತ್ಕೀರ್ತನವೆಂದರೆ ಹೆಸರಿಟ್ಟು ಸ್ಪಷ್ಟವಾಗಿ ಹೇಳುವುದು. ಷಟ್‌ಖಂಡಾಗಮದ ಆರಂಭದಲ್ಲಿರುವುದು ಸತ್ಪ್ರರೂಪಣೆ. ಪ್ರರೂಪಣೆಯೆಂದರೆ ವಸ್ತುವಿನ ರೂಪವನ್ನು ಭೇದಪ್ರಭೇದಗಳೊಡನೆ ಎದುರಿಗಿಡುವುದು. ಗೊಮ್ಮಟಸಾರದ ಜೀವಕಾಂಡವು ಇಪ್ಪತ್ತು ಪ್ರರೂಪಣೆಗಳ ಮೇಲೆಯೇ ನಿಂತಿದೆ. ಈ ಎರಡು ಶಬ್ದಗಳಲ್ಲಿಯೂ ರಹಸ್ಯೋದ್ಘಾಟನೆಯ ಛಾಯೆಯಿಲ್ಲವೆಂಬುದು ಗಮನಿಸತಕ್ಕ ಅಂಶ.

ಟೀಕಾಕಾರರು ತಮ್ಮ ಕೃತಿಗಳಿಗೆ ಇಟ್ಟ ಹೆಸರುಗಳು ಬೆಳಕಿನವು. ಪ್ರಭಾಚಂದ್ರರದು ಮಾರ್ತಂಡ ಮತ್ತು ಚಂದ್ರ, ಧರ್ಮಭೂಷಣರದು ದೀಪಿಕೆ. ಗೊಮ್ಮಟಸಾರಕ್ಕೆ ಕೇಶವವರ್ಣಿಯು ಕ್ರಿ. ಶ. 1359ರಲ್ಲಿ ಕನ್ನಡದಲ್ಲಿ ರಚಿಸಿದ ವೃತ್ತಿ ಜೀವತತ್ತ್ವಪ್ರದೀಪಿಕೆ. ಅದೇ ಹೆಸರಿನ ಸಂಸ್ಕೃತಟೀಕೆಗೆ ಈ ಕನ್ನಡವೃತ್ತಿಯೇ ಆಧಾರವೆಂಬುದನ್ನು ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಅಂದರೆ ಕನ್ನಡದ ದೀಪದಿಂದ ಸಂಸ್ಕೃತದ ದೀಪವನ್ನು ಹೊತ್ತಿಸಲಾಯಿತು. ಬಹುಕಾಲ ಜನರು ಕಂಡುದು ಎರಡನೆಯದನ್ನು ಮಾತ್ರ. ವೀರಸೇನಾಚಾರ್ಯರ ಟೀಕೆಯ ಹೆಸರಾದ 'ಧವಲ'ವೂ ಶುಭ್ರತೆಯನ್ನೇ ಹೇಳುತ್ತದೆ. ಪ್ರೊ. ಹೀರಾಲಾಲ ಜೈನರ ನಿರ್ಣಯದಂತೆ ಅದು ಮುಗಿದುದು ಶಕ 738ರ ಕಾರ್ತಿಕ ಶುಕ್ಲ ತ್ರಯೋದಶಿ, ಅಂದರೆ ಕ್ರಿ. ಶ. 816. ಪರೀಕ್ಷಾಮುಖದಲ್ಲಿ ಮಾಣಿಕ್ಯನಂದಿಗಳು ಜ್ಞಾನವು ದೀಪದಂತೆ ತನ್ನನ್ನೂ ಪರವಸ್ತುವನ್ನೂ ಬೆಳಗುವುದೆಂದು ಸಾಧಿಸುತ್ತಾರೆ. ಆದರೆ ಓಲೆಗರಿ ದೀಪವಲ್ಲ. ಓದುವವನಿಲ್ಲದಿದ್ದರೆ ಅದು ತನ್ನನ್ನೂ ಬೆಳಗದು.

ಇನ್ನು ಚರಿತ್ರೆ. ಶ್ರುತವು ವಿಚ್ಛಿನ್ನವಾದೀತೆಂಬ ಭಯದಿಂದಲೇ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಇಬ್ಬರು ಮುನಿಗಳನ್ನು ಬರಮಾಡಿಕೊಂಡು ಕಲಿಸಿದರು. ಪುಷ್ಪದಂತ ಭೂತಬಲಿಗಳು ಅದನ್ನು ಗ್ರಂಥರೂಪಕ್ಕೆ ತಂದರು. ಶ್ರುತಪಂಚಮಿಯ ಆಚರಣೆಯ ಮೂಲ ಇದು. ಮಹಾಬಂಧದ ಪ್ರತಿಯನ್ನು ಬರೆಸಿ ಮಾಘನಂದಿಗಳಿಗೆ ಅರ್ಪಿಸಿದ ಮಲ್ಲಿಕಬ್ಬೆಯೂ ಶ್ರೀಪಂಚಮಿಯ ನೋಂಪಿಯ ಉದ್ಯಾಪನಕ್ಕಾಗಿಯೇ ಹಾಗೆ ಮಾಡಿದಳೆಂದು ಅದರ ಪ್ರಶಸ್ತಿ ತಿಳಿಸುತ್ತದೆ. ಹೀಗೆ ಹರಡುವುದಕ್ಕಾಗಿ ಹುಟ್ಟಿದ ಗ್ರಂಥವು ಕಾಲಾಂತರದಲ್ಲಿ ಪೂಜೆಗೆ ಮಾತ್ರ ಒದಗುವಂತಾಯಿತು. ಗೃಹಸ್ಥರಿಗೆ ಸಿದ್ಧಾಂತಾಧ್ಯಯನದ ಅಧಿಕಾರವಿಲ್ಲವೆಂಬ ವಿಧಿಯೂ ಇದಕ್ಕೆ ಬೆಂಬಲವಾಯಿತು.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್ರರು ಮೂಡಬಿದಿರೆಗೆ ಬಂದು ದರ್ಶನ ಪಡೆದರು. ಓಲೆಗಳ ಸ್ಥಿತಿಯನ್ನು ಕಂಡು ಅವರಿಗುಂಟಾದ ಚಿಂತೆಯೂ ಸೊಲ್ಲಾಪುರದ ಹೀರಾಚಂದ ನೇಮಚಂದರ ಪ್ರಯತ್ನವೂ ಸೇರಿ 1896ರ ಸುಮಾರಿಗೆ ಪ್ರತಿಲಿಪಿಯ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಇದಕ್ಕೆ ನಿಯುಕ್ತರಾದವರಲ್ಲಿ ಮೊದಲಿಗರು. ಕೆಲಸ ಸಂಪೂರ್ಣವಾಗಲು ಕಾಲು ಶತಮಾನವೇ ಹಿಡಿಯಿತು. ಪ್ರತಿಯಾದರೂ ಗ್ರಂಥವು ಊರಿನಿಂದ ಹೊರಗೆ ಹೋಗಕೂಡದೆಂಬುದೇ ನಿಯಮ. ಆ ನಡುವೆ ಲಿಪಿಕಾರರೊಬ್ಬರು ತಮ್ಮ ಪತ್ನಿಯ ನೆರವಿನಿಂದ ಮನೆಯಲ್ಲಿ ಗುಪ್ತವಾಗಿ ಮತ್ತೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರಕ್ಕೆ ಹೋಯಿತು. ಅಲ್ಲಿ ನಾಗರಿಗೆ ಇಳಿಸಿದವರು ತಮಗಾಗಿ ಇನ್ನೊಂದು ಪ್ರತಿಯನ್ನು ಉಳಿಸಿಕೊಂಡರು. ಅದರಿಂದ ಆರಾ, ಸಾಗರ, ಕಾರಂಜಾ ಮುಂತಾದ ಸ್ಥಳಗಳಿಗೆ ಪ್ರತಿಗಳು ಹಬ್ಬಿದವು. 1939ರಲ್ಲಿ ಅಮರಾವತಿಯಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಹೊರಬಂದ ಧವಲದ ಪ್ರಥಮಸಂಪುಟಕ್ಕೆ ಇಂತಹ ಪ್ರತಿಗಳೇ ಆಧಾರ.

ಇದನ್ನು ಹೇಗೆ ನಿರ್ಣಯಿಸಬೇಕು? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣದ ಆಸ್ರವಕ್ಕೆ ಹೇಳುವ ಕಾರಣಗಳಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯಗಳೂ ಸೇರಿವೆ. ಬಲ್ಲುದನ್ನು ಇಲ್ಲವೆಂದು ಮರೆಮಾಡುವುದು ನಿಹ್ನವ. ಕೊಡುವುದಕ್ಕೆ ಯೋಗ್ಯವಾದ ಜ್ಞಾನವನ್ನು ಕೊಡದಿರುವುದು ಮಾತ್ಸರ್ಯ. 'ಕೊಡುವುದಕ್ಕೆ ಯೋಗ್ಯವಾದ' ಎಂಬ ಪೂಜ್ಯಪಾದರ ವಿಶೇಷಣದಲ್ಲಿಯೇ ವಿವಾದದ ಮೂಲವಿದೆ. ಅನಧಿಕಾರಿಗೆ ಕೊಡದಿರುವುದು ದೋಷವಲ್ಲವೆಂದು ರಕ್ಷಕರು ಹೇಳಬಹುದಾಗಿತ್ತು. ಅವರು ಗ್ರಂಥವು ಇಲ್ಲವೆಂದು ಎಂದೂ ಹೇಳಿದವರಲ್ಲ. ಆದುದರಿಂದ ನಿಹ್ನವದ ಆರೋಪ ಅವರಿಗೆ ತಗಲದು. ಬೇರೆಲ್ಲಿಯೂ ಉಳಿಯದ ಮೂಲಪ್ರತಿಗಳು ಅಲ್ಲಿ ಉಳಿದುದೂ ಅವರ ನಿಷ್ಠೆಯಿಂದಲೇ. ಇತ್ತ ಲಿಪಿಕಾರನ ಕಾರ್ಯ ವಚನಭಂಗವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅಂತರಾಯವನ್ನು ನೀಗಿದವನು ಅವನೇ. ಈ ಲೇಖಕನ ಮಟ್ಟಿಗೆ ಎರಡೂ ಮಾತು ನಿಜ; ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಗುಪ್ತವಾಗಿ ಹೊರಬಂದ ಪಾಠಕ್ಕೆ ಒಂದು ದೌರ್ಬಲ್ಯವಿತ್ತು: ಮೂಲದೊಡನೆ ಹೋಲಿಸಿ ನೋಡುವ ಅವಕಾಶ ಅದಕ್ಕಿರಲಿಲ್ಲ. ಹಳೆಯ ಕನ್ನಡ ಲಿಪಿಯ ಪ್ರಾಕೃತ ಪ್ರತಿಗಳಲ್ಲಿ ದ್ವಿತ್ವವನ್ನು ಅಕ್ಷರದ ಹಿಂದೆ ಬಿಂದುವಿಟ್ಟು ಸೂಚಿಸುವುದುಂಟು; ಅನುಸ್ವಾರಕ್ಕೂ ಬಿಂದುವೇ. ನಾಗರಿಗೆ ಇಳಿಸುವಾಗ ಇದರಿಂದಾಗುವ ಭ್ರಾಂತಿಗಳನ್ನು ಹಸ್ತಪ್ರತಿಗಳೊಡನೆ ಪಳಗಿದವರಿಗೆ ವಿವರಿಸಬೇಕಾಗಿಲ್ಲ. ಎಲ್ಲಕ್ಕಿಂತ ಮಹತ್ತರವಾದುದು ಸತ್ಪ್ರರೂಪಣೆಯ 93ನೆಯ ಸೂತ್ರದ ಪ್ರಸಂಗ. ಮನುಷ್ಯಿನಿಯರು ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರು ಎಂಬುದು ಅಲ್ಲಿಯ ವಿಷಯ. ದೊರೆತ ಪ್ರತಿಗಳಲ್ಲಿ ಗುಣಸ್ಥಾನಗಳ ಪಟ್ಟಿ 'ಸಂಜದಾಸಂಜದ'ಕ್ಕೆ ನಿಂತಿತ್ತು. ಟೀಕೆಯ ಚರ್ಚೆಯನ್ನು ಗಮನಿಸಿದ ಸಂಪಾದಕರು, ಇಲ್ಲಿ 'ಸಂಜದ' ಪದವೊಂದು ಬಿಟ್ಟುಹೋದಂತೆ ತೋರುವುದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಒಂದು ಪದದ ಮೇಲೆ ಪಂಡಿತವರ್ಗದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಪದವಿದ್ದರೆ ಸೂತ್ರದ ಮನುಷ್ಯಿನಿಯನ್ನು ಭಾವವೇದದ ದೃಷ್ಟಿಯಿಂದ ಗ್ರಹಿಸಬೇಕು. ಇಲ್ಲದಿದ್ದರೆ ದ್ರವ್ಯಸ್ತ್ರೀಯೆಂದು ಗ್ರಹಿಸಲು ಎಡೆಯುಂಟು. ಸ್ತ್ರೀಮುಕ್ತಿಯ ಪ್ರಾಚೀನ ವಿವಾದವೇ ಇದರೊಡನೆ ತಳಕು ಹಾಕಿಕೊಂಡಿತು. ಪದವನ್ನು ಸೇರಿಸುವುದು ಆಗಮಕ್ಕೆ ಅಪಚಾರವೆಂದು ಕೆಲವರೆಂದರು.

ನಿರ್ಣಯ ದೊರೆತುದು ತರ್ಕದಿಂದಲ್ಲ, ಓಲೆಯಿಂದ. ಅಷ್ಟರಲ್ಲಿ ಮೂಡಬಿದಿರೆಯ ಮನೋಭಾವವೂ ಬದಲಾಗಿತ್ತು. ಭಟ್ಟಾರಕರೂ ಬಸದಿಯ ಮೊಕ್ತೇಸರರೂ ಮೂಲಪ್ರತಿಗಳೊಡನೆ ಪಾಠವನ್ನು ಹೋಲಿಸಲು ಅನುಮತಿಯಿತ್ತರು, ಪಂ. ಲೋಕನಾಥ ಶಾಸ್ತ್ರಿಗಳು ಆ ಶ್ರಮವನ್ನು ವಹಿಸಿಕೊಂಡರು. ತಾಡವಾಲೆಯಲ್ಲಿ 'ಸಂಜದ' ಪದವು ಇದ್ದೇ ಇತ್ತು. 'ಸಂಜದಾಸಂಜದ'ದ ಬೆನ್ನಿಗೇ ಮತ್ತೆ 'ಸಂಜದ' ಬಂದಾಗ ಲಿಪಿಕಾರನ ಕಣ್ಣು ಜಾರಿ ಒಂದನ್ನು ಬಿಟ್ಟಿತ್ತು. ಯಾರೂ ಮರೆಮಾಡಿದುದಲ್ಲ, ಯಾರೂ ಸೇರಿಸಿದುದೂ ಅಲ್ಲ.

ಆ ಬಳಿಕ ಕಾರ್ಯ ಸುಗಮವಾಯಿತು. ಧವಲದ ಹದಿನಾರು ಸಂಪುಟಗಳು 1958ರ ವೇಳೆಗೆ ಪೂರ್ಣಗೊಂಡವು. ಪಂ. ಸುಮೇರುಚಂದ್ರ ದಿವಾಕರರ ಸಂಪಾದಕತ್ವದಲ್ಲಿ 1947ರಲ್ಲಿ ಆರಂಭವಾದ ಮಹಾಬಂಧವು ಕಾಶಿಯ ಭಾರತೀಯ ಜ್ಞಾನಪೀಠದಿಂದ ಏಳು ಸಂಪುಟಗಳಲ್ಲಿ ಬಂದಿತು. ಮಥುರಾದ ಜೈನಸಂಘವು 1944ರಲ್ಲಿ ಕೈಗೊಂಡ ಜಯಧವಲಕ್ಕೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಇವೆಲ್ಲವೂ ನಾಗರಿ ಲಿಪಿಯಲ್ಲಿ, ಹಿಂದೀ ಅನುವಾದದೊಡನೆ. ಹಳೆಯ ಕನ್ನಡ ಲಿಪಿಯಲ್ಲಿ ಉಳಿದು ಬಂದ ಪಾಠವನ್ನು ಓಲೆಯ ಮೇಲೆಯೇ ಓದಿ ಪಾಠಾಂತರವನ್ನು ತೂಗಬಲ್ಲವರು ಕನ್ನಡನಾಡಿನಲ್ಲಿಯೇ ವಿರಳವಾಗುತ್ತಿದ್ದಾರೆ. ಇದೂ ಒಂದು ಆವರಣ. ಇದಕ್ಕೆ ಬೀಗವೂ ಇಲ್ಲ, ಮೊಕ್ತೇಸರರೂ ಇಲ್ಲ.