ವಂಶವನ್ನು ಹುಡುಕುವ ಬಗೆ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹವ್ಯಕ ಮನೆಗಳಲ್ಲಿ ವಂಶದ ಪ್ರಸ್ತಾಪ ಬಂದೊಡನೆ ಮಯೂರವರ್ಮನ ಹೆಸರು ಬರುವದು. ಅವನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದನೆಂದೂ ನಾವು ಅವರ ಸಂತತಿಯವರೆಂದೂ ಹಿರಿಯರು ಒಂದು ಉಸಿರಿನಲ್ಲಿ ಹೇಳಿ, ಮರು ಉಸಿರಿನಲ್ಲಿ ತಮ್ಮ ಮುತ್ತಜ್ಜನ ಹೆಸರಿಗೆ ಇಳಿಯುವರು. ನಡುವಣ ಸಾವಿರಕ್ಕೂ ಮಿಕ್ಕ ವರ್ಷಗಳ ಮಾತನ್ನು ಯಾರೂ ಎತ್ತುವದಿಲ್ಲ. ಬನವಾಸಿಗೆ ಸಮೀಪದ ತಾಳಗುಂದದಲ್ಲಿ ಕುಬ್ಜನೆಂಬ ಕವಿ ರಚಿಸಿದ 5ನೆಯ ಶತಮಾನದ ಸ್ತಂಭಶಾಸನವಿದೆ. ಮಯೂರಶರ್ಮನು ವೇದಾಧ್ಯಯನಕ್ಕಾಗಿ ಕಂಚಿಗೆ ಹೋದ ಸಂಗತಿ ಅದರಲ್ಲುಂಟು, ಅಹಿಚ್ಛತ್ರದ ಮಾತಿಲ್ಲ. ಅದೇ ಊರಿನ, ಶತಮಾನಗಳ ತರುವಾಯದ ಇನ್ನೊಂದು ಶಾಸನವು ಅಹಿಚ್ಛತ್ರದಿಂದ ಮೂವತ್ತೆರಡು ಕುಟುಂಬಗಳನ್ನು ತಂದವನು ಮುಕ್ಕಣ್ಣ ಕದಂಬನೆಂದು ಹೇಳುತ್ತದೆ. ಕಥೆ ಹಳೆಯದು, ನಿಜ. ಆದರೆ ಅದನ್ನು ಹಿಡಿದು ಕೆಳಗಿಳಿದು ಇಂದಿನ ಒಂದು ಮನೆಯ ಹೊಸ್ತಿಲನ್ನು ಮುಟ್ಟುವದು ಆಗತಕ್ಕ ಕೆಲಸವಲ್ಲ. ವಂಶವನ್ನು ಹುಡುಕುವವನು ತನ್ನ ಮನೆಯ ಹೊಸ್ತಿಲಿನಿಂದಲೇ ಹಿಂದಕ್ಕೆ ನಡೆಯಬೇಕು.

ಹಾಗೆ ನಡೆಯುವವನಿಗೆ ಮೊದಲ ಆಧಾರವು ಕಾಗದವಲ್ಲ, ಶ್ರಾದ್ಧದ ಸಂಕಲ್ಪ. ವಸು, ರುದ್ರ, ಆದಿತ್ಯ ರೂಪರಾದ ಪಿತೃ, ಪಿತಾಮಹ, ಪ್ರಪಿತಾಮಹರ ಹೆಸರುಗಳು ಗೋತ್ರಸಹಿತವಾಗಿ ಅಲ್ಲಿವೆ. ತರ್ಪಣದಲ್ಲಿ ತಾಯಿಯ ಕಡೆಯ ಮೂವರೂ ಬರುವರು. ಕರ್ತೃವು ತೀರಿಕೊಂಡು ಮಗನು ಕರ್ತೃವಾದಾಗ ಮೇಲಿನ ಒಂದು ಹೆಸರು ಸಂಕಲ್ಪದಿಂದ ಜಾರಿಹೋಗುವದು. ಹೀಗೆ ತಲೆಮಾರಿಗೊಂದು ಹೆಸರು ಬಿಡುತ್ತ ಬಂದಿರುವದರಿಂದ ಬಾಯಿಯ ನೆನಪು ಸುಮಾರು ನೂರು ವರ್ಷಗಳನ್ನು ಮೀರಿ ಹೋಗುವದು ವಿರಳ.

ಅದರಾಚೆಗೆ ಅಟ್ಟದ ಮೇಲಿನ ಕಡತಗಳನ್ನು ಇಳಿಸಬೇಕು. ಈಗಿನ ಹುಡುಗರಿಗೆ ಕಡತವೆಂದರೆ ಕಚೇರಿಯ ಕಾಗದದ ಕಟ್ಟು. ಹಿಂದಿನ ಕಡತವು ದಪ್ಪ ಅರಿವೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುವದು. ಬೇಡವಾದುದನ್ನು ಒರಸಿ ಮತ್ತೆ ಬರೆಯುವದು. ಶೃಂಗೇರಿ ಮಠದ ಕಡತಗಳಿಂದ ಆ ಸೀಮೆಯ ಇತಿಹಾಸಕ್ಕೆ ಎಷ್ಟು ಸಾಮಗ್ರಿ ದೊರೆತಿದೆಯೆಂಬದು ವಿದ್ವಾಂಸರಿಗೆ ಗೊತ್ತಿರುವ ವಿಷಯ. ಮನೆಯ ಕಡತದಲ್ಲಿರುವದು ಹೆಚ್ಚಾಗಿ ಅಡಿಕೆಯ ಲೆಕ್ಕ, ಗೇಣಿಯ ಲೆಕ್ಕ, ಕೊಟ್ಟ ಸಾಲ, ತಂದ ಸಾಲ. ಅದನ್ನು ಬರೆದವನಿಗೆ ವಂಶಾವಳಿಯ ಚಿಂತೆ ಇರಲಿಲ್ಲ. ಕೊಡತಕ್ಕವನು ಯಾರು, ಅವನು ಸತ್ತರೆ ಕೇಳತಕ್ಕದ್ದು ಯಾರನ್ನು ಎಂಬಷ್ಟಕ್ಕೇ ಅವನು ತಂದೆಯ ಹೆಸರನ್ನೂ ಮಗನ ಹೆಸರನ್ನೂ ಬರೆದನು. ಸಾಲ ಕೊಳ್ಳದ, ಗೇಣಿ ಕೊಡದ ಮನುಷ್ಯನು ಕಡತದ ಪಾಲಿಗೆ ಹುಟ್ಟಿಯೇ ಇಲ್ಲ.

ಇಲ್ಲಿ ಒಂದು ತೊಡಕನ್ನು ವಿಸ್ತಾರವಾಗಿ ಹೇಳಬೇಕಾಗಿದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವದು ನಮ್ಮಲ್ಲಿ ರೂಢಿ. ಗಣಪತಿಯ ಮಗ ರಾಮ, ರಾಮನ ಮಗ ಗಣಪತಿ, ಅವನ ಮಗ ಮತ್ತೆ ರಾಮ. 'ಗಣಪತಿ ಬಿನ್ ರಾಮ' ಎಂದು ಬರೆದಿದ್ದರೆ ಅವನು ಅಜ್ಜನೂ ಆಗಬಹುದು, ಮೊಮ್ಮಗನೂ ಆಗಬಹುದು. ಇನ್ನು ತಾರೀಖು ನೋಡೋಣವೆಂದರೆ, ಎಷ್ಟೋ ಪತ್ರಗಳಲ್ಲಿ ಶಕವರ್ಷವಿಲ್ಲದೆ ಸಂವತ್ಸರದ ಹೆಸರು ಮಾತ್ರ ಇರುವದು. ಪ್ರಭವ ಸಂವತ್ಸರವು 1807ರಲ್ಲಿ ಬಂದಿತು, 1867ರಲ್ಲಿ ಬಂದಿತು, 1927ರಲ್ಲಿಯೂ ಬಂದಿತು. ಅರವತ್ತು ವರ್ಷಕ್ಕೊಮ್ಮೆ ಸಂವತ್ಸರವು ತಿರುಗಿ ಬರುವ ಹೊತ್ತಿಗೆ ಅಜ್ಜನ ಹೆಸರೂ ತಿರುಗಿ ಬಂದಿರುವದು! ಇಬ್ಬರು ಗಣಪತಿಗಳನ್ನು ಒಬ್ಬನನ್ನಾಗಿ ಮಾಡಿ ಎರಡು ತಲೆಮಾರುಗಳನ್ನು ನುಂಗಿಬಿಟ್ಟ ವಂಶವೃಕ್ಷಗಳು ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕುಳಿತಿರುವದುಂಟು. ಪತ್ರದಲ್ಲಿ ತಿಥಿಯೊಡನೆ ವಾರವೂ ಇದ್ದರೆ ಉಪಾಯವಿದೆ. ಅದೇ ಮಾಸದ ಅದೇ ತಿಥಿಯು ಮೂರು ಪ್ರಭವಗಳಲ್ಲಿಯೂ ಒಂದೇ ವಾರಕ್ಕೆ ಬೀಳುವದು ಅಪರೂಪ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ಪಂಚಾಂಗ ಕೋಷ್ಟಕಗಳನ್ನು ತೆರೆದು ನೋಡಿದರೆ ಇದು ಅಜ್ಜನ ಸಹಿಯೋ ಮೊಮ್ಮಗನದೋ ಎಂಬದು ಬಹುಮಟ್ಟಿಗೆ ನಿರ್ಣಯವಾಗುವದು.

ಅಡ್ಡಹೆಸರಿನಿಂದಲೂ ಹೆಚ್ಚಿನ ಸಹಾಯವಿಲ್ಲ. ಹೆಗಡೆ, ಭಟ್ಟ, ಜೋಶಿ, ದೀಕ್ಷಿತ ಇವೆಲ್ಲ ಅಧಿಕಾರದಿಂದ, ವೃತ್ತಿಯಿಂದ, ಮಾಡಿದ ಯಜ್ಞದಿಂದ ಬಂದವು. ಗೋತ್ರಗಳೂ ನಮ್ಮಲ್ಲಿ ಕೆಲವೇ. ದತ್ತಕ ಹೋದವನ ಗೋತ್ರವಂತೂ ಬೇರೆಯೇ ಆಗುವದು. ಹೆಸರಿಗಿಂತ ತೋಟವು ಹೆಚ್ಚು ಸ್ಥಿರವಾದ ಗುರುತು. 1799ರಲ್ಲಿ ಕನ್ನಡ ಜಿಲ್ಲೆಯು ಆಂಗ್ಲರ ಕೈಸೇರಿ ಮನ್ರೋ ಸಾಹೇಬನು ಕಲೆಕ್ಟರನಾಗಿ ಬಂದಾಗ, ಇಲ್ಲಿಯ ಭೂಮಿ ಖಾಸಗಿ ಸ್ವತ್ತೆಂಬದನ್ನು ಅವನು ಕಂಡದ್ದು ಹಳೆಯ ಲೆಕ್ಕಗಳಿಂದಲೇ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಇಲಾಖೆಗೆ ಹೋಯಿತು. ಮುಂದೆ ಸರ್ವೇ ನಂಬರುಗಳು ಬಂದವು. 1903ರ ಮುಂಬಯಿ ಕಾಯದೆಯಿಂದ ಹಕ್ಕುಪತ್ರಕವೂ ಬಂದಿತು. ಖಾತೆದಾರನು ಸತ್ತಾಗ ವಾರಸುದಾರರ ಹೆಸರು ದಾಖಲಾಗುವ ವರ್ದಿಯು ವಂಶಶೋಧಕನಿಗೆ ದೊಡ್ಡ ನಿಧಿ. ಒಂದು ಸರ್ವೇ ನಂಬರನ್ನು ಹಿಡಿದು ವರ್ದಿಯಿಂದ ವರ್ದಿಗೆ ಹಿಂದೆ ಹೋದರೆ ಹೆಸರುಗಳು ಎಷ್ಟೇ ಒಂದೇ ಆಗಿದ್ದರೂ ಮನುಷ್ಯರು ಬೇರೆ ಬೇರೆಯಾಗಿ ನಿಲ್ಲುವರು.

ಯಾತ್ರೆ ಮಾಡಿದ ಹಿರಿಯನಿದ್ದರೆ ಅದು ಪುಣ್ಯವೇ ಸರಿ. ಕಾಶಿ, ಗಯೆ, ಪ್ರಯಾಗ, ಹರಿದ್ವಾರಗಳ ತೀರ್ಥಪುರೋಹಿತರು ಊರು, ಜಾತಿಗಳನ್ನನುಸರಿಸಿ ಯಜಮಾನರ ವಹಿಗಳನ್ನು ಇಟ್ಟಿರುವರು. ಬಂದವನು ತನ್ನ ಹಿರಿಯರ ಹೆಸರುಗಳನ್ನು ತಾನೇ ಹೇಳಿ ಬರೆಸುವನಾದ್ದರಿಂದ ಅದಕ್ಕೆ ಬೆಲೆ ಹೆಚ್ಚು. ಹರಿದ್ವಾರದ ವಹಿಗಳನ್ನು ಅಮೇರಿಕೆಯ ಉಟಾ ಸೀಮೆಯ ವಂಶಾವಳಿ ಸಂಘವು ಕಳೆದ ಶತಮಾನದಲ್ಲಿ ಸೂಕ್ಷ್ಮಚಿತ್ರಗಳಾಗಿ ತೆಗೆಯಿಸಿತು. ಮನೆಯ ತಾಳೆಗರಿ ಗ್ರಂಥಗಳ ಕೊನೆಯ ಗರಿಯನ್ನೂ ಬಿಡಬಾರದು. ತಿಗಳಾರಿ ಲಿಪಿಯಲ್ಲಿ ಪ್ರತಿಮಾಡಿದವನು ತನ್ನ ಹೆಸರು, ತಂದೆಯ ಹೆಸರು, ಮುಗಿಸಿದ ದಿನಗಳನ್ನು ಎಷ್ಟೋ ಸಲ ಅಲ್ಲಿ ಬರೆದಿಟ್ಟಿರುವನು.

ಕ್ರೈಸ್ತರಲ್ಲಿ ಈ ಕೆಲಸವು ಬೇರೊಂದು ರೀತಿಯಲ್ಲಿ ನಡೆದಿದೆ. 1538ರಲ್ಲಿ ಇಂಗ್ಲಂಡದಲ್ಲಿ ಥಾಮಸ್ ಕ್ರಾಮ್ವೆಲ್ಲನ ಆಜ್ಞೆಯಿಂದಲೂ, ರೋಮನ್ ಮತದಲ್ಲಿ 1563ರ ಟ್ರೆಂಟ್ ಸಭೆಯ ನಿರ್ಣಯದಿಂದಲೂ ಇಗರ್ಜಿಯ ಪಾದ್ರಿಯು ಜ್ಞಾನಸ್ನಾನ, ಮದುವೆಗಳ ಪುಸ್ತಕವನ್ನಿಡುವದು ಕಡ್ಡಾಯವಾಯಿತು. ಅಲ್ಲಿ ಲೆಕ್ಕಕ್ಕೆ ಬಂದದ್ದು ಸ್ವತ್ತಲ್ಲ, ಜೀವ. ಗೋವೆಯಲ್ಲಿ ಪೋರ್ತುಗೀಜರ ಗುಲಾಮರಿಗೂ ಜ್ಞಾನಸ್ನಾನವಾಗುತ್ತಿತ್ತು. ಯಲ್ಲಾಪುರದ ಕಾಡಿನ ಸಿದ್ದಿಯರ ಪೂರ್ವಿಕರು ಆಫ್ರಿಕಾದಿಂದ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಸೇರಿದವರೆಂಬ ಮಾತು ಪ್ರಸಿದ್ಧವಾಗಿದೆ. ಅವರ ಹೆಸರು ನಮ್ಮ ಯಾವ ಕಡತದಲ್ಲಿಯೂ ಪೂರ್ವಿಕರೆಂದು ಬಾರದು. ಬಂದರೆ ಗೋವೆಯ ಒಂದು ಜ್ಞಾನಸ್ನಾನದ ಪುಸ್ತಕದಲ್ಲಿ, ಯಜಮಾನನ ಹೆಸರಿನ ಕೆಳಗೆ, ಪಾದ್ರಿಯು ಇಟ್ಟ ಹೊಸ ಹೆಸರಾಗಿ ಬರಬೇಕು. ಆಫ್ರಿಕಾದಲ್ಲಿ ತಾಯಿ ಕರೆದ ಹೆಸರನ್ನು ಬರೆದುಕೊಳ್ಳುವದು ಯಾರಿಗೂ ಬೇಕಾಗಿರಲಿಲ್ಲ.

ಗೇಣಿಯ ರೈತರ ಮನೆಗಳಿಗೂ ಇದೇ ಗತಿಯಾಗಿತ್ತು. ಮೂಲಗೇಣಿಯವನಿಗೆ ಒಂದು ಪತ್ರವಾದರೂ ಇತ್ತು. ಚಾಲಗೇಣಿಯವನ ಹೆಸರು ಒಡೆಯನ ಕಡತದಲ್ಲಿದ್ದು ಬಳಪದೊಡನೆ ಒರಸಿಹೋಯಿತು. 1974ರ ಮಾರ್ಚ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಅವರು ಏಳನೆಯ ನಮೂನೆಯ ಅರ್ಜಿಗಳನ್ನು ಕೊಟ್ಟರು. ಭೂನ್ಯಾಯ ಮಂಡಳಿಯ ಮುಂದೆ, ಈ ಗದ್ದೆಯನ್ನು ನಮ್ಮ ತಂದೆ ಸಾಗಿಸಿದರು, ಅವರಿಗೂ ಹಿಂದೆ ಅಜ್ಜ ಸಾಗಿಸಿದರು ಎಂದು ಹೇಳಿಕೆ ಕೊಡಬೇಕಾಯಿತು. ಎಷ್ಟೋ ಮನೆಗಳಿಗೆ ಅದೇ ತಮ್ಮ ಬಾಯಿಂದ ಬರೆಸಿದ ಮೊದಲ ವಂಶಾವಳಿ. ಆ ಅರ್ಜಿಗಳನ್ನು ಹಳೆಯ ರದ್ದಿಯೆಂದು ಎಣಿಸತಕ್ಕದ್ದಲ್ಲ.

ಹೆಂಗಸರ ವಿಷಯವೊಂದು ಉಳಿಯಿತು. ಪತ್ರಗಳಲ್ಲಿ ಅವಳು ಗಂಡನ ಹೆಸರಿನ ಮುಂದೆ 'ಕೋಂ' ಎಂಬ ಪುಟ್ಟ ಶಬ್ದದೊಳಗೆ ಅಡಗಿರುವಳು. ಮದುವೆಯಲ್ಲಿ ಗೋತ್ರ ಬದಲಾಯಿತು. ಕೆಲವು ಮನೆಗಳಲ್ಲಿ ಹೆಸರೂ ಬದಲಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯದೆಯ ತರುವಾಯ ತಂದೆಯ ವಾರಸು ವರ್ದಿಯಲ್ಲಿ ಹೆಣ್ಣುಮಕ್ಕಳ ಹೆಸರುಗಳು, ಕೊಟ್ಟ ಊರಿನೊಡನೆ, ಕಾಣತೊಡಗಿದವು. ಅದರ ಹಿಂದೆಯೇ ಅದೇ ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಟ್ಟ ಪತ್ರಗಳೂ ಎಷ್ಟೋ ಮನೆಗಳಲ್ಲಿ ಇರುವವು. ಅಂತೂ ಹಕ್ಕು ಬಿಡುವದಕ್ಕಾಗಿಯಾದರೂ ಹೆಸರು ಬರೆಯಲ್ಪಟ್ಟಿತು. ಅದಕ್ಕೂ ಹಿಂದಿನ ಅಜ್ಜಿಯರಿಗೆ ತರ್ಪಣದ ಮಾತಾಮಹ ವರ್ಗವೊಂದೇ ದಾರಿ. ಅಲ್ಲಿ ಉಚ್ಚರಿಸುವ ಗೋತ್ರವು ತಾಯಿಯ ತವರಿನದು. ಆ ಮನೆಯ ಸಂಕಲ್ಪದೊಡನೆ ಹೋಲಿಸಿದರೆ ಅವಳ ತಾಯಿಯ ತವರೂ ಸಿಕ್ಕೀತು. ಈ ಸಲದ ಮಹಾಲಯಕ್ಕೆ ಪುರೋಹಿತರು ಬಂದಾಗ ಅಜ್ಜಿಯರ ಹೆಸರು, ತವರೂರುಗಳನ್ನು ಕೇಳಿ, ಶಾಯಿಯಿಂದ, ಶಕವರ್ಷಸಹಿತವಾಗಿ ಒಂದು ಪುಸ್ತಕದಲ್ಲಿ ಬರೆದಿಡುವದು ಅರ್ಧ ಗಳಿಗೆಯ ಕೆಲಸ.