ಸಾಲೋಟಗಿಯ ಕಂಬ ಮತ್ತು ಇಂಗ್ಲಿಷಿನ ಏಣಿ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯು ಹತ್ತನೆಯ ಶತಮಾನದಲ್ಲಿ ಪಾವಿಟ್ಟಗೆ ಎಂಬ ಅಗ್ರಹಾರವಾಗಿತ್ತು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಶಕ 867ರ, ಅಂದರೆ ಕ್ರಿ.ಶ. 945ರ ಸ್ತಂಭಶಾಸನವು ಅದರ ಏರ್ಪಾಡನ್ನು ತಿಳಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಶಾಲೆಗೆ 500 ನಿವರ್ತನ ಭೂಮಿ, ದೀಪದ ಖರ್ಚಿಗೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ. ಇದಲ್ಲದೆ ಅಗ್ರಹಾರದವರು ಪ್ರತಿ ಮದುವೆಗೆ ಐದು ನಾಣ್ಯಗಳನ್ನೂ, ಉಪನಯನ, ಚೌಲಗಳಿಗೆ ಅದಕ್ಕಿಂತ ಕಡಿಮೆ ಹಣವನ್ನೂ ಶಾಲೆಗೆ ಸಲ್ಲಿಸಬೇಕಿತ್ತು.

ಈ ಶಾಲೆಯ ವಿದ್ಯೆ ಸಂಸ್ಕೃತದ್ದು. ನಾಡಿನ ಮಾತು ಕನ್ನಡವಾಗಿದ್ದಾಗ ಸಂಸ್ಕೃತ ಇಲ್ಲಿ ನೆಲೆಯೂರಿದ್ದು ರಾಜಾಜ್ಞೆಯ ಬಲದಿಂದಲ್ಲ. ಅದನ್ನು ಕಲಿಯುವವನಿಗೆ ಊಟ, ವಸತಿ, ಕಲಿಸುವವನಿಗೆ ಹೊಲ ದೊರೆಯುತ್ತಿದ್ದವು. ಅಧಿಕಾರವು ಒಂದು ಭಾಷೆಯನ್ನು ಹರಡುವ ಕ್ರಮವೇ ಇದು. ಅದು ಭಾಷೆಗೆ ಅನ್ನವನ್ನು ಕಟ್ಟುತ್ತದೆ. ಜನರು ಅನ್ನವಿರುವಲ್ಲಿಗೆ ತಾವಾಗಿಯೇ ನಡೆದು ಬರುತ್ತಾರೆ.

ಆದರೆ ಆ ಕಾಲದಲ್ಲಿ ಕನ್ನಡವು ನಿರುದ್ಯೋಗಿಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಈ ಶಾಸನಕ್ಕೆ ನಾಲ್ಕೇ ವರ್ಷ ಮೊದಲು, 941ರಲ್ಲಿ, ಪಂಪನು ಆದಿಪುರಾಣವನ್ನು ಮುಗಿಸಿದ್ದನು. ಇದೇ ಮೂರನೆಯ ಕೃಷ್ಣನು ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತನು. ಉಭಯವೆಂದರೆ ಸಂಸ್ಕೃತ ಮತ್ತು ಕನ್ನಡ. ಸಾಲೋಟಗಿಯ ಅದೇ ಕಂಬದ ಮೇಲೆ ನಾಗರಿ ಲಿಪಿಯ ಸಂಸ್ಕೃತದೊಡನೆ ಹಳಗನ್ನಡದ ಬರಹವೂ ಇದೆ. ಶಾಸ್ತ್ರವಿದ್ಯೆ ಸಂಸ್ಕೃತದ ಪಾಲಾಗಿದ್ದರೂ ಕಾವ್ಯ, ದಾನಪತ್ರ, ಊರಿನ ವ್ಯವಹಾರಗಳಲ್ಲಿ ಕನ್ನಡಕ್ಕೆ ಕೆಲಸವಿತ್ತು, ಕೆಲಸಕ್ಕೆ ತಕ್ಕ ಮನ್ನಣೆಯೂ ಇತ್ತು.

ಮುಂದೆ ಈ ಸೀಮೆಯಲ್ಲಿ ಅಧಿಕಾರದ ಭಾಷೆ ಬದಲಾಗುತ್ತಲೇ ಹೋಯಿತು. ಆದಿಲ್‌ಶಾಹಿಗಳ ಆಸ್ಥಾನದಲ್ಲಿ ಫಾರಸಿ ಮೆರೆಯಿತು. ಮರಾಠರ ಕಾಲದಲ್ಲಿ ಮೋಡಿ ಲಿಪಿಯ ಮರಾಠಿಯು ಕಂದಾಯದ ಕಡತಗಳನ್ನು ಹಿಡಿಯಿತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡ ಮೇಲೂ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಕಚೇರಿ, ಶಾಲೆಗಳಲ್ಲಿ ಮರಾಠಿಯೇ ಬಹುಕಾಲ ಮುಂದುವರಿಯಿತು. ಕನ್ನಡ ರೈತನು ತನ್ನ ಹೊಲದ ಲೆಕ್ಕವನ್ನು ಮತ್ತೊಬ್ಬರಿಂದ ಓದಿಸಿಕೊಳ್ಳಬೇಕಾಗಿತ್ತು.

ಇಂಗ್ಲಿಷಿನ ಪ್ರವೇಶವನ್ನು ಹೇಳುವಾಗ ನಾವು ಸಾಮಾನ್ಯವಾಗಿ 1835ರ ಮೆಕಾಲೆಯ ಟಿಪ್ಪಣಿಯೊಂದನ್ನೇ ನೆನೆಯುತ್ತೇವೆ. ನನ್ನ ದೃಷ್ಟಿಯಲ್ಲಿ 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಹೊರಡಿಸಿದ ನಿರ್ಣಯವು ಅದಕ್ಕಿಂತ ಹೆಚ್ಚು ಪರಿಣಾಮಕಾರಿಯಾದುದು. ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಎಂಬುದು ಅದರ ಸಾರ. ಟಿಪ್ಪಣಿಯು ವಾದವನ್ನು ಒದಗಿಸಿತು. ನಿರ್ಣಯವು ಸಂಬಳವನ್ನು ಒದಗಿಸಿತು. 1854ರ ವುಡ್ ವರದಿಯು ದೇಶಭಾಷೆಗಳ ಶಾಲೆಗಳನ್ನು ಬೆಂಬಲಿಸಿತಾದರೂ ಉನ್ನತ ವಿದ್ಯೆಯನ್ನು ಇಂಗ್ಲಿಷಿಗೇ ಬಿಟ್ಟಿತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಏಣಿಯೊಂದು ಸಿದ್ಧವಾಗಿತ್ತು. ಅದರ ಕೆಳಗಿನ ಮೆಟ್ಟಿಲುಗಳು ದೇಶಭಾಷೆಯವು, ಮೇಲಿನವು ಇಂಗ್ಲಿಷಿನವು. ಸಂಸ್ಕೃತದ ಕಾಲದಲ್ಲಿ ಎರಡು ಭಾಷೆಗಳಿಗೆ ಎರಡು ಮನೆಗಳಿದ್ದವು. ಈಗ ಒಂದೇ ಏಣಿ. ಮೇಲೇರಬೇಕಾದವನು ಕನ್ನಡವನ್ನು ದಾಟಿಹೋಗಬೇಕು.

ಇಂಗ್ಲಿಷ್ ಬಲ್ಲವರೆಲ್ಲರೂ ಕನ್ನಡಕ್ಕೆ ಬೆನ್ನು ತಿರುಗಿಸಿದರೆಂದಲ್ಲ. ವಾಲ್ಟರ್ ಎಲಿಯಟ್, ರಸೆಲ್ ಮೊದಲಾದ ಅಧಿಕಾರಿಗಳು ಕನ್ನಡ ಶಾಲೆಗಳಿಗೆ ಒತ್ತಾಸೆಯಾದರು. ಡೆಪ್ಯುಟಿ ಚನ್ನಬಸಪ್ಪನವರು ಸರ್ಕಾರಿ ಶಿಕ್ಷಣ ಇಲಾಖೆಯೊಳಗೇ ಇದ್ದು ಕನ್ನಡಕ್ಕಾಗಿ ದುಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಇಂಗ್ಲಿಷಿನಲ್ಲಿ ಕಾನೂನು ಓದಿದವರು. ತಾಳೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಏಣಿ ಹತ್ತಿದವರಲ್ಲಿ ಕೆಲವರು ಹೀಗೆ ಇಳಿದು ಬಂದದ್ದು ನಮ್ಮ ಭಾಗ್ಯ. ಆದರೆ ಭಾಗ್ಯವನ್ನು ನಂಬಿ ಭಾಷೆಯೊಂದು ಬಾಳಲಾರದು.

ಸ್ವಾತಂತ್ರ್ಯ ಬಂದಿತು, ಏಕೀಕರಣವಾಯಿತು; ಏಣಿ ಮಾತ್ರ ಹಾಗೆಯೇ ಉಳಿಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ವಿಧಿಸಿದ ರಾಜ್ಯದ 1994ರ ಭಾಷಾನೀತಿಯನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಒಪ್ಪಲಿಲ್ಲ. 2019-20ರಲ್ಲಿ ಸರ್ಕಾರವೇ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಮಕ್ಕಳನ್ನು ಅಲ್ಲಿಗೆ ಕಳಿಸುವ ಇಂಡಿ, ಸಿಂದಗಿಯ ತಂದೆತಾಯಿಗಳನ್ನು ಭಾಷಾಭಿಮಾನವಿಲ್ಲದವರೆಂದು ಜರೆಯುವುದು ಸುಲಭ, ಅನ್ಯಾಯವೂ ಹೌದು. ಅನ್ನ ಯಾವ ಭಾಷೆಯ ಕಡೆಗಿದೆ ಎಂಬುದನ್ನು ಅವರು ಸರಿಯಾಗಿಯೇ ಗ್ರಹಿಸಿದ್ದಾರೆ.

ಆದ್ದರಿಂದ ಮಾಧ್ಯಮದ ಆಜ್ಞೆಗಳಿಗಿಂತ ಸಾಲೋಟಗಿಯ ಕಂಬವು ಹೆಚ್ಚು ಪ್ರಯೋಜನಕಾರಿಯಾದ ಪಾಠವನ್ನು ಹೇಳುತ್ತದೆ. ನಾರಾಯಣನು ಭಾಷೆಯ ಹಿರಿಮೆಯನ್ನು ಸಾರಿ ಸುಮ್ಮನಾಗಲಿಲ್ಲ. ಹೊಲ ಕೊಟ್ಟನು, ಮನೆ ಕೊಟ್ಟನು, ದೀಪಕ್ಕೆ ಎಣ್ಣೆಯನ್ನೂ ನೆನೆದನು. ಕನ್ನಡದಲ್ಲಿ ಓದಿದವನಿಗೆ ನ್ಯಾಯಾಲಯದಲ್ಲಿ, ತಾಂತ್ರಿಕ ವಿದ್ಯೆಯಲ್ಲಿ, ನೌಕರಿಯ ಪರೀಕ್ಷೆಯಲ್ಲಿ ಸ್ಥಾನ ದೊರೆಯುವಂತೆ ಇಂದು ಯಾರು ಏರ್ಪಾಡು ಮಾಡುತ್ತಿದ್ದಾರೆ?

ಶಾಲೆಯಿದ್ದ ಪಾವಿಟ್ಟಗೆಯು ‘ಶಾಲಾಪಾವಿಟ್ಟಗೆ’ಯಾಗಿ, ಜನರ ನಾಲಿಗೆಯಲ್ಲಿ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರು ವಿವರಿಸುತ್ತಾರೆ. ಈ ಭಾಗದಲ್ಲಿ ಇಂದಿಗೂ ಶಾಲೆಗೆ ‘ಸಾಲಿ’ ಎನ್ನುತ್ತಾರೆ. ಸಂಸ್ಕೃತದ ಆ ವಿದ್ಯಾಕೇಂದ್ರವು ಅಳಿದರೂ ಅದರ ನೆನಪನ್ನು ಸಾವಿರ ವರ್ಷಗಳಿಗೂ ಮಿಗಿಲಾಗಿ ಕಾಪಾಡಿದ್ದು ಊರವರ ಕನ್ನಡ. ಆ ಕನ್ನಡಕ್ಕೆ ನೆನಪಿಡುವ ಕೆಲಸವೊಂದನ್ನೇ ನಾವು ಉಳಿಸಬಾರದು.